ಸ್ವಾತಿ ಮಳೆಯಲ್ಲಿ ಗರಿಗಾಳ

ಎಡಕ್ಕೆ ನಿಂತುಕೊಳ್ಳಿ. ಬಲಕ್ಕೆ ನಿಂತರೆ ದಾರ ಕಿವಿಗೆ ಬಡಿಯುತ್ತದೆ, ಹಿಂದೆ ಸರಿದರೆ ಬಳ್ಳಾರಿ ಜಾಲಿಯ ಮುಳ್ಳು ಬೆನ್ನಿಗೆ. ನೀರಿಗೆ ಕಾಲಿಡುವ ಮುಂಚೆ ಕೋಲಿನಿಂದ ತಳ ತಡವಿ ನೋಡಿ. ಮರಳು ತೆಗೆದ ಗುಂಡಿಗಳು ಇಲ್ಲಿ ಮೊಣಕಾಲುದ್ದದವೂ ಇವೆ, ಆಳುದ್ದದವೂ ಇವೆ. ಮೇಲಿನಿಂದ ನೋಡಿದರೆ ಎರಡೂ ಒಂದೇ. ಮೊಬೈಲು ಮೇಲಿನ ಜೇಬಿನಲ್ಲಿರಲಿ. ಮಾತಾಡಬಹುದು, ನಮ್ಮ ಹರಟೆಯಿಂದ ಮೀನಿಗೇನೂ ಆಗುವುದಿಲ್ಲ. ಅದನ್ನು ಓಡಿಸುವುದು ದಡದ ಮೇಲೆ ಕಾಲು ಕುಟ್ಟಿದ ಸದ್ದು, ನೀರಿನ ಮೇಲೆ ಬಿದ್ದ ನೆರಳು.

ಹಿರಿಯೂರು ತಾಲ್ಲೂಕು, ಕಾತ್ರಿಕೇನಹಳ್ಳಿ ಅಣೆಕಟ್ಟಿನ ಕೆಳಗಿನ ವೇದಾವತಿ. ಚಿತ್ರದುರ್ಗದಿಂದ ಕತ್ತಲಲ್ಲೇ ಹೊರಟು, ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಸುಮಾರು ನಲವತ್ತು ಕಿಲೋಮೀಟರು ಬಂದು, ತೆಂಗಿನ ತೋಟದ ಬದುವಿನಲ್ಲಿ ಬೈಕು ನಿಲ್ಲಿಸಿ ಇಳಿದಿದ್ದೇವೆ. ಚಿತ್ತೆ ಮಳೆ ಮುಗಿದು ಸ್ವಾತಿ ಹಿಡಿದಿದೆ. ನಿನ್ನೆ ಸಂಜೆ ಎರಡು ಗುಡುಗು, ಒಂದು ಹದ ಮಳೆ. ಈಗ ಆಕಾಶ ತೊಳೆದಿಟ್ಟಿದೆ. ಆಷಾಢದಲ್ಲಿ ಇಲ್ಲಿ ನಿಲ್ಲಲಾಗದಂಥ ಗಾಳಿ. ಗುಡ್ಡಸಾಲಿನ ಗಾಳಿಯಂತ್ರಗಳು ಆಗ ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಇವತ್ತು ಅವು ಅಲ್ಲಾಡುತ್ತಿಲ್ಲ. ಗರಿಗಾಳ, ಅಂದರೆ ಗರಿ ಕಟ್ಟಿ ಮಾಡಿದ ಹುಳದಂಥ ಗಾಳ, ಬೀಸುವವನಿಗೆ ಬೇಕಾದದ್ದು ಇಂಥ ಬೆಳಗು.

ನೀರಿನ ಬಣ್ಣ ನೋಡಿ. ಮುಂಗಾರಿನ ಕೆಂಪು ಹೋಗಿದೆ, ಬೇಸಿಗೆಯ ಪಾಚಿಹಸಿರು ಇನ್ನೂ ಬಂದಿಲ್ಲ. ತೆಳುವಾಗಿ ಕಾಸಿದ ಚಹಾದ ಬಣ್ಣ. ಮಂಡಿಯಾಳದವರೆಗೆ ಕಲ್ಲು ಕಾಣುತ್ತದೆ, ಅದರಾಚೆ ಊಹೆ. ವರ್ಷದಲ್ಲಿ ಈ ಬಣ್ಣ ಸಿಗುವುದು ಕೆಲವೇ ವಾರ. ಮಲೆನಾಡಿನಲ್ಲಿ ಜುಲೈಯಲ್ಲೇ ಮಳೆ ಸುರಿದು ಹೋಗುತ್ತದೆ. ನಮ್ಮ ಬಯಲಿಗೆ ಮಳೆಯ ದೊಡ್ಡ ಪಾಲು ಬರುವುದು ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ. ಊರೂರಿನ ಹಳ್ಳಗಳು ಈಗ ಹರಿದು, ಈಗಲೇ ತಿಳಿಯಾಗುತ್ತವೆ.

ಶರತ್ಕಾಲ, ಹರಿಯುವ ನದಿ, ಕೈಯಲ್ಲಿ ಫ್ಲೈ ರಾಡ್ ಎಂದ ಕೂಡಲೇ ಓದಿಕೊಂಡವರ ತಲೆಗೆ ಬರುವುದು ಟ್ರೌಟ್ ಮೀನು. ಅದನ್ನು ಇಲ್ಲಿ ಮರೆತುಬಿಡಿ. ಟ್ರೌಟಿಗೆ ತಣ್ಣೀರು ಬೇಕು, ಇಪ್ಪತ್ತು ಡಿಗ್ರಿ ದಾಟಿದರೆ ಬಳಲುತ್ತದೆ. ದಕ್ಷಿಣದಲ್ಲಿ ಅದು ಉಳಿದಿರುವುದು ಬ್ರಿಟಿಷರು ತಂದುಬಿಟ್ಟ ನೀಲಗಿರಿಯ ಹೊಳೆಗಳಲ್ಲಿ, ಮುನ್ನಾರಿನ ಎತ್ತರದಲ್ಲಿ. ಊಟಿಯ ಹತ್ತಿರದ ಅವಲಾಂಚಿಯಲ್ಲಿ ಅದರ ಮರಿ ಮಾಡುವ ಕೇಂದ್ರವೇ ಇದೆ. ಹಾಗೆಂದು ಕಾವೇರಿಯ ಮಹಶೀರ್ ಕಥೆಗಳನ್ನೂ ಇಲ್ಲಿಗೆ ತರಬೇಡಿ. 1946ರಲ್ಲಿ ಮೈಸೂರಿನ ವಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನದನ್ನು ಎಳೆದು ಹಾಕಿದ್ದು ಬೇರೆ ಲೋಕ. ವೇದಾವತಿಯ ಮೀನು ಅಂಗೈಯಲ್ಲಿ ಹಿಡಿಸುತ್ತದೆ, ಹಬ್ಬದ ದಿನ ಮೊಣಕೈಯುದ್ದ. ಆದರೆ ನೀರಿನ ಮೇಲೆ ಕಣ್ಣಿಟ್ಟು, ಮೀನು ಮೂತಿ ಎತ್ತುವುದನ್ನು ಕಂಡು, ಅದು ತಿನ್ನುತ್ತಿರುವ ಹುಳದಂಥದ್ದನ್ನೇ ಅದರ ಮುಂದೆ ಇಳಿಸುವ ಆಟ ಟ್ರೌಟಿನ ಮನೆಯಾಸ್ತಿಯಲ್ಲ. ಇಲ್ಲೂ ಆಗುತ್ತದೆ.

ಈ ಡಬ್ಬಿ ತೆಗೆಯಿರಿ. ಒಳಗಿರುವ ಹುಳಗಳೆಲ್ಲ ನನ್ನ ಮನೆಯ ಮೇಜಿನ ಮೇಲೆ ಹುಟ್ಟಿದವು. ಇದು ರೆಕ್ಕೆ ಬಂದ ಗೆದ್ದಲು, ಇದು ಮಿಡತೆ, ಇದು ಹೊಟ್ಟೆಗೆ ರಬ್ಬರು ತುಂಡು ಕೊಟ್ಟ ಕಪ್ಪೆ. ಮಿಡತೆಯನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಗಾಳಕ್ಕೆ ಹಳದಿ ನೂಲು ಸುತ್ತಿ, ಅದರ ಮೇಲೆ ನಾಟಿ ಹುಂಜದ ಕತ್ತಿನ ಗರಿಯನ್ನು ಬಿಗಿಯಾಗಿ ತಿರುಗಿಸಿ ಕಟ್ಟಿದೆ. ಗರಿಯ ಎಳೆಗಳು ಸುತ್ತಲೂ ಸೆಟೆದು ನಿಲ್ಲುತ್ತವೆ. ಆ ಎಳೆಗಳ ತುದಿಯ ಮೇಲೆ ಗಾಳ ನೀರಿನಲ್ಲಿ ತೇಲುತ್ತದೆ. ಫಾರಂ ಕೋಳಿಯ ಗರಿ ಆಗುವುದಿಲ್ಲ, ಮೆತ್ತಗೆ, ನೀರು ಹೀರಿ ಮುಳುಗುತ್ತದೆ. ಬೀದಿಯಲ್ಲಿ ಜಗಳಾಡಿ ಬೆಳೆದ ಹುಂಜವೇ ಆಗಬೇಕು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದೇನೆ, ಬೇಡದ ಮೀನನ್ನು ಗಾಯವಿಲ್ಲದೆ ಬಿಡಿಸಲು.

ಗರಿಯ ವಿಷಯ ಬಂತಲ್ಲ, ಒಂದು ಮಾತು. ಇಲ್ಲಿಗೆ ಟ್ರೌಟ್ ಬರಲಿಲ್ಲ ನಿಜ, ಆದರೆ ದಕ್ಷಿಣದ ಕಾಡಿನ ಗರಿ ಟ್ರೌಟಿನ ನದಿಗೆ, ಸಾಲ್ಮನ್ನಿನ ನದಿಗೆ ಹೋಗಿದೆ. ಜೋಗಿಮಟ್ಟಿಯಂಥ ಕಾಡುಗಳಲ್ಲಿ ಬೆಳಗಾತ ಕೂಗುವ ಬೂದು ಕಾಡುಕೋಳಿ ಇದೆಯಲ್ಲ, ಅದರ ಹುಂಜದ ಕತ್ತಿನ ಗರಿಯ ಮೇಲೆ ಅರಗಿನ ಹೊಳಪಿನ ಹಳದಿ ಚುಕ್ಕೆಗಳಿರುತ್ತವೆ. ನೀರಿನಲ್ಲಿ ಆ ಚುಕ್ಕೆ ಸಣ್ಣ ಮೀನಿನ ಕಣ್ಣಿನ ಹಾಗೆ ಕಾಣುತ್ತದೆಂದು ಇಂಗ್ಲೆಂಡು, ಸ್ಕಾಟ್ಲೆಂಡಿನ ಗಾಳದವರು ಅದಕ್ಕೆ ಬೆಲೆ ಕಟ್ಟಿ ಮೂಟೆಗಟ್ಟಲೆ ತರಿಸಿಕೊಳ್ಳುತ್ತಿದ್ದರು. ಕತ್ತಿನ ಗರಿಗಾಗಿ ಒಂದು ಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಮುಟ್ಟುವಂತಿಲ್ಲ. ಮುಟ್ಟಬೇಕಾಗಿಯೂ ಇಲ್ಲ; ಹಿರಿಯೂರಿನ ಕೋಳಿ ಅಂಗಡಿಯವರು ಗರಿಯನ್ನು ಪುಕ್ಕಟೆ ಕೊಡುತ್ತಾರೆ, ಜೊತೆಗೊಂದು ಅನುಮಾನದ ನೋಟ.

ಈಗ ಕೋಲು. ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ತಿರುಗುಮುರುಗು: ಗಾಳಕ್ಕೆ ತೂಕವೇ ಇಲ್ಲ, ದಪ್ಪ ದಾರಕ್ಕೇ ತೂಕ. ಅದನ್ನು ಹಿಂದಕ್ಕೆ ಬೀಸಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಮುಂದಕ್ಕೆ ತಳ್ಳಬೇಕು. ಹಾಗಂತ ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವರ ಹಿಂದೆ ಹುಲ್ಲುಗಾವಲಿತ್ತು, ನಮ್ಮ ಹಿಂದೆ ಬಳ್ಳಾರಿ ಜಾಲಿ ಇದೆ. ನದಿ ಒಣಗಿದ ವರ್ಷಗಳಲ್ಲಿ ಪಾತ್ರದೊಳಕ್ಕೇ ಇಳಿದು ಬೇರೂರಿದ ಗಿಡ. ಈಗ ನೀರು ಬಂದರೂ ಜಾಗ ಬಿಡುತ್ತಿಲ್ಲ. ಹಾಗಾಗಿ ಹಿಂದಕ್ಕೆ ಬೀಸುವ ಮಾತೇ ಬೇಡ. ದಾರವನ್ನು ನೀರಿನ ಮೇಲೇ ಮೆಲ್ಲಗೆ ಹತ್ತಿರಕ್ಕೆ ಎಳೆದು, ಕೋಲನ್ನು ಕಿವಿಯ ಪಕ್ಕಕ್ಕೆ ತಂದು ಒಂದು ಉಸಿರು ನಿಲ್ಲಿಸಿ, ಮುಂದಕ್ಕೆ ಕುಕ್ಕಿ. ದಾರ ಸುರುಳಿಯಾಗಿ ನೀರಿನ ಮೇಲೆ ಉರುಳಿಕೊಂಡು ಹೋಗುತ್ತದೆ, ಕೊನೆಯಲ್ಲಿ ಗರಿ ಇಳಿಯುತ್ತದೆ. ನೋಡಿ, ಹಾಗೆ. ಆ ಕರಿಕಲ್ಲಿನ ಮಗ್ಗುಲಿಗೆ, ವೇಗದ ನೀರೂ ನಿಂತ ನೀರೂ ಕೂಡುವ ಗೆರೆಯ ಮೇಲೆ. ಮೀನು ನಿಂತಿರುವುದು ನಿಂತ ನೀರಿನಲ್ಲಿ, ಊಟ ಬರುವುದು ವೇಗದ ನೀರಿನಲ್ಲಿ.

ಒಂದು ಸಣ್ಣ ಉಂಗುರ. ಗರಿ ಮಾಯ. ಕೋಲು ಎತ್ತಿ! ಸಿಕ್ಕಿತು. ತುದಿ ನಡುಗುತ್ತಿದೆ, ದಾರ ಅಡ್ಡಡ್ಡ ಓಡುತ್ತಿದೆ. ಎಳೆದು ತಂದರೆ ಸಸ್ಲು, ಕಿರುಬೆರಳಿಗಿಂತ ಸ್ವಲ್ಪ ಉದ್ದ, ಬಾಲದ ಬುಡದಲ್ಲಿ ಒಂದು ಕಪ್ಪು ಬೊಟ್ಟು. ಒದ್ದೆ ಕೈಯಲ್ಲೇ ಹಿಡಿಯಬೇಕು, ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ಬೂಷ್ಟು ಹತ್ತುತ್ತದೆ. ಗಾಳ ತಾನಾಗಿಯೇ ಕಳಚಿತು. ಹೋಯಿತು.

"ಅದಕ್ಕೇನಾ ಈಟು ದೊಡ್ಡ ಕೋಲು?" ಎಂದು ಯಾರೋ ಕೇಳಿದರು.

ಹೊಂಗೆಯ ನೆರಳಲ್ಲಿ ನಮಗಿಂತ ಮೊದಲೇ ಒಬ್ಬ ಹಿರಿಯರು ಕೂತಿದ್ದಾರೆ. ಪಕ್ಕದ ತೋಟದ ಯಜಮಾನರು. ಕೈಯಲ್ಲಿ ಬಿದಿರ ಕೋಲು, ಜೋಳದ ದಂಟಿನ ಬೆಂಡು, ಟವೆಲ್ಲಿನ ಗಂಟಿನಲ್ಲಿ ಜೀವಂತ ಮಿಡತೆ. ಮಿಡತೆ ಹಿಡಿಯಲು ಇಬ್ಬನಿ ಆರುವ ಮುಂಚೆಯೇ ಶೇಂಗಾ ಹೊಲಕ್ಕೆ ಹೋಗಬೇಕಂತೆ. ಚಳಿಗೆ ಅವು ಮರಗಟ್ಟಿರುತ್ತವೆ, ಹುಣಿಸೆಹಣ್ಣು ಆರಿಸಿದ ಹಾಗೆ ಆರಿಸಿಕೊಳ್ಳಬಹುದು. ಬಿಸಿಲೇರಿದರೆ ಒಂದೂ ಕೈಗೆ ಸಿಗದು. ಅವರೂ ಬೆಂಡನ್ನು ಕಳಚಿಟ್ಟು, ಮಿಡತೆಯನ್ನು ಬರೀ ನೀರಿನ ಮೇಲೆ ಕುಣಿಸುತ್ತಿದ್ದಾರೆ. ನಾನು ಬೆಂಗಳೂರಿನಿಂದ ತರಿಸಿದ ದುಬಾರಿ ಕೋಲಿನಲ್ಲಿ ಮಾಡುತ್ತಿರುವುದನ್ನೇ ಅವರು ತಾವೇ ಕಡಿದ ಬಿದಿರಿನಲ್ಲಿ ಮಾಡುತ್ತಿದ್ದಾರೆ. ಅವರ ಕುಕ್ಕೆಯಲ್ಲಿ ಆಗಲೇ ನಾಲ್ಕಾರು ಜಿಲೇಬಿ ಬಿದ್ದಿವೆ.

ಜಿಲೇಬಿಯ ಬಗ್ಗೆ ಹೆಚ್ಚು ಹೇಳಲಾರೆ. 1952ರಲ್ಲಿ ಹೊರಗಿನಿಂದ ದೇಶಕ್ಕೆ ಬಂದ ಆಫ್ರಿಕದ ತಿಲಾಪಿಯ; ಮರಿಗಳನ್ನು ಬಾಯಲ್ಲೇ ಇಟ್ಟು ಸಾಕುತ್ತದೆ, ಹಾಗಾಗಿ ಸಾಯುವುದು ಕಡಿಮೆ, ಹೆಚ್ಚುವುದು ಜಾಸ್ತಿ. ಹಿಡಿದದ್ದನ್ನು ನೀರಿಗೆ ವಾಪಸು ಬಿಡಬಾರದು ಎಂದು ನಾನು ಕಣ್ಣು ಮುಚ್ಚಿ ಹೇಳುವ ಮೀನು ಅದೊಂದೇ.

ಹತ್ತಿರ ಕೂತು ಅವರ ಮಾತು ಕೇಳೋಣ. ಏಳೆಂಟು ವರ್ಷದ ಹಿಂದೆ ಇದೇ ಜಾಗದಲ್ಲಿ ಟ್ರಾಕ್ಟರು ಓಡುತ್ತಿತ್ತು. ಮೇಲೆ ಮಾರಿಕಣಿವೆ ತಳ ಕಂಡಿತ್ತು; 130 ಅಡಿಯ ಜಲಾಶಯದಲ್ಲಿ ನೀರು ಅರ್ಧಕ್ಕಿಂತ ಕೆಳಗಿಳಿದು, ಕಾಲುವೆಗೆ ಬಿಡಲು ಏನೂ ಉಳಿದಿರಲಿಲ್ಲ. ಕೊಳವೆಬಾವಿ ಸಾವಿರ ಅಡಿ ಮುಟ್ಟಿದವು. ಸುಳಿ ಒಣಗಿದ ತೆಂಗು ಸಾಲುಸಾಲಾಗಿ ನಿಂತಿತ್ತು. "ಮರ ಕಡ್ಯಾಕೆ ಕೂಲಿ ಕೊಟ್ವಿ ಕಣಪ್ಪ, ನೆಟ್ಟಿದ್ದು ನಮ್ಮಪ್ಪ" ಎಂದರು. ಅಷ್ಟೇ ಹೇಳಿ ಮಿಡತೆ ಬದಲಿಸಿದರು.

1907ರಲ್ಲಿ ಮುಗಿದ ಅಣೆಕಟ್ಟು ಮಾರಿಕಣಿವೆಯದು. ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರು, 30 ಟಿಎಂಸಿ ಹಿಡಿಯುವ ಹೊಟ್ಟೆ. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಮೊದಲ ಕೋಡಿ ಕಂಡವರಲ್ಲಿ ಎರಡನೆಯದಕ್ಕೆ ಉಳಿದವರೆಷ್ಟು ಮಂದಿ? ಮೂರನೆಯದು 2025ರ ಜನವರಿಯಲ್ಲಿ, ಮಳೆಗಾಲವೇ ಅಲ್ಲದ ಹೊತ್ತಿನಲ್ಲಿ. ಅದಕ್ಕೆ ಕಾರಣ ಮಳೆಯೊಂದೇ ಅಲ್ಲ. ಭದ್ರೆಯ ನೀರನ್ನು ಪಂಪಿನಲ್ಲಿ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ, ವೇದಾವತಿಗೆ ಬಿಡುತ್ತಿದ್ದಾರೆ. ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಹುಟ್ಟುವ ವೇದಾ, ಆವತಿಗಳು ಕಡೂರಿನ ಹತ್ತಿರ ಕೂಡಿ, ಹೊಸದುರ್ಗದ ಬಯಲು ಹಾದು ಕಣಿವೆಗೆ ಬರುವ ದಾರಿ ಹಳೆಯದು. ಅದರೊಳಗೆ ಈಗ ಬರುವ ನೀರಿನಲ್ಲಿ ಒಂದು ಪಾಲು ಇನ್ನೊಂದು ನದಿಯದು. ಈ ಕಲ್ಲಿನ ಸುತ್ತ ತಿರುಗುತ್ತಿರುವ ನೀರಿನಲ್ಲಿ ಭದ್ರೆ ಎಷ್ಟು, ವೇದೆ ಎಷ್ಟು ಎಂದು ಮೀನು ಕೇಳುವುದಿಲ್ಲ, ತೋಟದವರೂ ಕೇಳುವುದಿಲ್ಲ.

ಹಾಗಾದರೆ ಟ್ರಾಕ್ಟರು ಓಡಿದ ಮರಳಿನಲ್ಲಿ ಮೀನು ಎಲ್ಲಿತ್ತು? ಸ್ವಲ್ಪ ಮೇಲಿನಿಂದ ನೀರಿನ ಜೊತೆ ಬಂತು. ಸ್ವಲ್ಪ ಇಲಾಖೆಯವರು ಬಿಟ್ಟ ಮರಿ, ಕಾಟ್ಲಾ, ರೋಹು, ಗೆಂಡೆ. ಇನ್ನು ಕೆಲವು ಎಲ್ಲಿಗೂ ಹೋಗಿರಲೇ ಇಲ್ಲ. ಅಂಥದೊಂದನ್ನು ನೋಡಲು ಕೆಳಗಿನ ಮಡುವಿಗೆ ಹೋಗೋಣ. ಅವಸರ ಬೇಡ, ಬಿಸಿಲು ನೀರಿನ ಮೇಲೆ ಬೀಳಬೇಕು.

ದಾರಿಯಲ್ಲಿ ಒಂದು ಹಳೆಯ ವಿಷಯ. ಈ ಗಾಳದ ಗೀಳು ಸಾಹೇಬರಿಂದ ಬಂದದ್ದು ಎಂದು ಬಹಳ ಜನ ನಂಬಿದ್ದಾರೆ. ಗಾಳಗಾರಿಕೆಯ ಇಂಗ್ಲಿಷ್ ಕ್ಲಾಸಿಕ್ ಎನ್ನುವ ವಾಲ್ಟನ್ನನ ಪುಸ್ತಕ ಅಚ್ಚಾದದ್ದು 1653ರಲ್ಲಿ. ಅದಕ್ಕೂ ಐದು ಶತಮಾನ ಮುಂಚೆ, ಸುಮಾರು 1130ರಲ್ಲಿ, ಕಲ್ಯಾಣದಲ್ಲಿ ಕೂತು ಚಾಲುಕ್ಯರ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅದರಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಯಾವ ಮೀನು ಎಂಥ ನೀರಿನಲ್ಲಿರುತ್ತದೆ, ಯಾವುದಕ್ಕೆ ಯಾವ ಮೇವು, ಕೋಲು ದಾರ ಗಾಳ ಹೇಗಿರಬೇಕು, ಒಂದೇ ಜಾಗದಲ್ಲಿ ಮುಂಚಿತವಾಗಿ ಮೇವು ಹಾಕಿ ಮೀನನ್ನು ಹೇಗೆ ಪಳಗಿಸಬೇಕು, ಎಲ್ಲ ಇದೆ. ಮೀನುವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಲೇಖನ ಬರೆದು ಲೋಕಕ್ಕೆ ತೋರಿಸಿದರು. ಚಿತ್ರದುರ್ಗದ ಸೀಮೆಯೂ ಆ ದೊರೆಯ ಆಳ್ವಿಕೆಯಲ್ಲೇ ಇತ್ತು. ನಮ್ಮ ಯಜಮಾನರು ದಿನಾ ಸಂಜೆ ಹೊಂಗೆಯ ಕೆಳಗೆ ಅನ್ನ, ಹಿಂಡಿ ಉಂಡೆ ಕಟ್ಟಿ ಎಸೆಯುತ್ತಾರೆ. ಯಾರು ಕಲಿಸಿದ್ದು ಎಂದರೆ ನಗುತ್ತಾರೆ.

ನೀರಿನ ಕಥೆಯಲ್ಲಿ ಇನ್ನೂ ಹಿಂದಕ್ಕೆ ಹೋದರೆ ಚಿತ್ರದುರ್ಗದ ಚಂದ್ರವಳ್ಳಿ. ಮೂರು ಗುಡ್ಡಗಳ ನಡುವಿನ ಆ ಕೆರೆಯ ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ, ಮೂರೇ ಸಾಲು, ನಾಲ್ಕನೆಯ ಶತಮಾನದ್ದು. 1929ರಲ್ಲಿ ಅಲ್ಲಿ ಉತ್ಖನನಕ್ಕೆ ಕೈಹಾಕಿದ ಎಂ.ಎಚ್. ಕೃಷ್ಣ ಅವರ ಓದಿನ ಪ್ರಕಾರ ಅದರಲ್ಲಿ ತ್ರೈಕೂಟ, ಆಭೀರ, ಪಲ್ಲವ ಎಂದು ಗೆದ್ದವರ ಪಟ್ಟಿಯೇ ಇದೆ. ಆದರೆ ಶಾಸನ ಹಾಕಿಸಿದ್ದು ಯುದ್ಧಕ್ಕಲ್ಲ, ಕೆರೆ ಮಾಡಿಸಿದ್ದಕ್ಕೆ. ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರು ಮಳೆ ಬೀಳುವ ನಾಡಿನಲ್ಲಿ ರಾಜನಾದವನು ತನ್ನ ಹೆಸರನ್ನು ನೀರಿನ ಪಕ್ಕದಲ್ಲೇ ಕೆತ್ತಿಸಬೇಕು. ಬೇರೆಲ್ಲಿ ಕೆತ್ತಿಸಿದರೆ ಯಾರು ಓದುತ್ತಾರೆ?

ಬಂದೆವು. ಇಲ್ಲಿ ಬಗ್ಗಿ. ಇನ್ನೂ ಬಗ್ಗಿ.

ಮಡುವಿನ ಅಂಚಿಗೆ ಜೊಂಡು, ಜೊಂಡಿನ ಮುಂದೆ ತಾವರೆ ಎಲೆಯ ಚಪ್ಪರ, ನಡುನಡುವೆ ತಟ್ಟೆಯಗಲದ ತೆರವು. ನೀರು ಹರಿಯುತ್ತಿಲ್ಲ. ಎದುರಿನ ಕೊಂಬೆಯ ಮೇಲೆ ಮಿಂಚುಳ್ಳಿ. ನೀವು ನೋಡಬೇಕಾದದ್ದು ಎಲೆಯ ಸಂದುಗಳನ್ನು. ಏನನ್ನು ಎಂದು ಕೇಳಬೇಡಿ, ಆದಾಗ ಗೊತ್ತಾಗುತ್ತದೆ.

ಗುಳುಕ್.

ಕೇಳಿಸಿತೇ? ಅಲ್ಲಿ, ಒಣಗಿದ ಕೊರಡಿನ ಎಡಕ್ಕೆ, ಎರಡು ಗುಳ್ಳೆ. ಕೊರಮೀನು ಉಸಿರೆಳೆದುಕೊಂಡು ಹೋಯಿತು. ಕಿವಿರು ಇದ್ದರೂ ಅದಕ್ಕೆ ಸಾಲದು. ತಲೆಯೊಳಗಿನ ಗಾಳಿಗೂಡಿಗೆ ಆಗಾಗ ಮೇಲೆ ಬಂದು ಗಾಳಿ ತುಂಬಿಕೊಳ್ಳಲೇಬೇಕು. ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಆ ಕೊರತೆಯೇ ಬರಗಾಲದಲ್ಲಿ ಅದನ್ನು ಉಳಿಸುವುದು. ಮಡು ಕೆಸರಾದಾಗ ಬೇರೆ ಮೀನು ಬೆಳ್ಳಗೆ ತೇಲಿದರೆ, ಇದು ಕೆಸರಿನೊಳಗೆ ಹೊಕ್ಕು, ತೇವ ಇರುವಷ್ಟು ದಿನ ಗಾಳಿ ಕುಡಿದುಕೊಂಡು ಬಿದ್ದಿರುತ್ತದೆ. ಎಲ್ಲಿಗೂ ಹೋಗಿರಲಿಲ್ಲ ಎಂದೆನಲ್ಲ, ಇದೇ.

ಮಳೆಗಾಲದಲ್ಲಿ ಬಂದಿದ್ದರೆ ನಾನು ಕೋಲು ಬಿಚ್ಚುತ್ತಿರಲಿಲ್ಲ. ಆಗ ಇದರ ಮರಿಗಳು ಕೆಂಪು ಗುಂಪಾಗಿ ಮೇಲೆ ಕುದಿಯುತ್ತಿರುತ್ತವೆ, ತಾಯಿ ತಂದೆ ಕೆಳಗೆ ಕಾವಲು. ಏನು ಎಸೆದರೂ ಸಿಟ್ಟಿಗೆ ಬಂದು ಕಚ್ಚುತ್ತವೆ. ಹಾಗೆ ಹಿಡಿಯುವುದು ಸುಲಭ, ಅದಕ್ಕೇ ಹಿಡಿಯಬಾರದು. ಕಾವಲು ಹೋದ ಮರಿಗಳನ್ನು ಮಿಕ್ಕ ಮೀನುಗಳು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತವೆ. ಈಗ ಮರಿ ಬೆಳೆದು ದಿಕ್ಕಾಪಾಲಾಗಿವೆ. ಈಗ ಆಗಬಹುದು.

ಕಪ್ಪೆ ಕಟ್ಟಿದ್ದೇನೆ. ಎಲೆಯ ಮೇಲೇ ಬಿದ್ದಿತು, ಬೇಕೆಂದೇ. ನಿಜವಾದ ಕಪ್ಪೆ ಆಕಾಶದಿಂದ ನೀರಿಗೆ ಬೀಳುವುದಿಲ್ಲ, ಎಲೆಯಿಂದ ಜಾರುತ್ತದೆ. ದಾರವನ್ನು ಒಂದು ಗೇಣು ಎಳೆದೆ. ಜಾರಿತು. ನಿಲ್ಲಲಿ. ಉಂಗುರಗಳು ಅಳಿಯಲಿ. ಇನ್ನೊಂದು ಗೇಣು. ಗುಂಡಗಿನ ಎಲೆಯೊಂದು ಗಾಳಿಯಿಲ್ಲದೆ ಅಲ್ಲಾಡಿತು, ನೋಡಿದಿರಾ? ಅದರ ದಂಟಿಗೆ ಏನೋ ತಾಗಿತು. ಪಕ್ಕದ ಎಲೆಯೂ ಅಲ್ಲಾಡಿತು. ಈ ಕಡೆಗೇ. ಎಳೆಯಬೇಡ ಎಂದು ಕೈಗೆ ಹೇಳುತ್ತಿದ್ದೇನೆ.

ನೀರು ಒಡೆಯಿತು. ಕಪ್ಪೆ ಇಲ್ಲ.

ಇಲ್ಲಿ ಕೋಲು ಎತ್ತಿದರೆ ಕೆಟ್ಟಿತು. ಸಸ್ಲುವಿನ ಬುದ್ಧಿ ಇದಕ್ಕೆ ನಡೆಯದು. ಬಾಯಿ ಮುಚ್ಚಿ ತಿರುಗಲು ಬಿಡಬೇಕು. ತಿರುಗಿತು. ಈಗ ಎಡಗೈಯಲ್ಲಿ ದಾರವನ್ನು ನೇರ ಸೊಂಟದವರೆಗೆ ಜಗ್ಗಿದೆ. ಕೋಲು ಬುಡದವರೆಗೆ ಬಾಗಿತು. ಅದಕ್ಕೆ ಬೇಕಾದದ್ದು ಜೊಂಡಿನ ಬೇರು, ನನಗೆ ಬೇಕಾದದ್ದು ತೆರೆದ ನೀರು. ನಡುವೆ ಒಂದು ನೈಲಾನ್ ಎಳೆ. ತಾವರೆಯ ದಂಟುಗಳು ದಾರಕ್ಕೆ ಸುತ್ತಿಕೊಂಡು ಪಟಪಟ ಕಿತ್ತು ಬರುತ್ತಿವೆ. ಮೀನಿನ ಭಾರ ಎಷ್ಟು, ಹುಲ್ಲಿನ ಭಾರ ಎಷ್ಟು, ತಿಳಿಯುತ್ತಿಲ್ಲ. ಮೊಣಕಾಲು ಕೆಸರಿನಲ್ಲಿ. ನೀವು ಆ ಬಲೆಕುಕ್ಕೆ ಹಿಡಿಯಿರಿ, ತಲೆಯ ಕಡೆಯಿಂದ, ಬಾಲದ ಕಡೆಯಿಂದ ಬೇಡ. ಈಗ ಎತ್ತಿ.

ಮೊಣಕೈಯುದ್ದ ಇದೆ. ಹಾವಿನ ತಲೆ, ತಲೆಯ ಮೇಲೆ ದೊಡ್ಡ ದೊಡ್ಡ ಹುರುಪೆ. ಬೆನ್ನು ಕಪ್ಪು, ಪಕ್ಕೆಯ ಮೇಲೆ ಓರೆಪಟ್ಟಿ, ಹೊಟ್ಟೆ ಕೆನೆಬಿಳಿ. ಬಾಯೊಳಗೆ ಬೆರಳಿಡಬೇಡಿ, ಗರಗಸದ ಹಲ್ಲು. ಕಪ್ಪೆಯ ಹುಂಜದ ಗರಿಯೆಲ್ಲ ಉದುರಿ ಬರೀ ರಬ್ಬರು ಉಳಿದಿದೆ. ನೀರಿನಿಂದ ಹೊರಗೆ ಬಂದರೂ ಅದಕ್ಕೆ ಅವಸರವಿಲ್ಲ. ಬಾಯಿ ತೆರೆದು ಗಾಳಿ ನುಂಗುತ್ತಾ, ನಮ್ಮನ್ನೇ ನೋಡುತ್ತಾ ಮಲಗಿದೆ.

ಸದ್ದು ಕೇಳಿ ಯಜಮಾನರು ಬಂದರು. ಮೀನನ್ನಲ್ಲ, ನಮ್ಮ ಮುಖಗಳನ್ನು ನೋಡಿದರು.

"ಬಿಡ್ತೀಯೇನು?"

ಪಟ್ಟಣದ ಗಾಳದವರಲ್ಲಿ ಹಿಡಿದದ್ದನ್ನೆಲ್ಲ ಬಿಡುವುದೇ ಧರ್ಮ. ಫೋಟೊ ತೆಗೆದು, ಮುತ್ತಿಟ್ಟು, ಬಿಡುತ್ತಾರೆ. ದೊಡ್ಡ ಮಹಶೀರಿಗೆ ಅದು ಸರಿ, ಉಳಿದಿರುವುದೇ ಕಮ್ಮಿ. ಬರ ಕಂಡ ನದಿಯ ದಡದಲ್ಲಿ, ಅಡುಗೆಮನೆ ಹತ್ತು ಹೆಜ್ಜೆಯಲ್ಲಿರುವ ಮನುಷ್ಯನ ಮುಂದೆ ಅದನ್ನು ಉಪದೇಶ ಮಾಡಲು ನನಗೆ ನಾಲಿಗೆ ಏಳುವುದಿಲ್ಲ. ಮರಿ ಕಾಯುವ ಕಾಲದಲ್ಲಿ ಮುಟ್ಟುವುದಿಲ್ಲ, ಈ ಕಾಲದಲ್ಲಿ ಮನೆಗೆ ಬೇಕಾದಷ್ಟೇ. ನನ್ನ ಲೆಕ್ಕ ಇಷ್ಟು. ಮೀನು ಅವರ ಒದ್ದೆ ಗೋಣಿಗೆ ಹೋಯಿತು.

"ಬಿಡೋದಾದ್ರೆ ಹಿಡ್ಯೋದ್ಯಾಕೆ ಅಂತ ಕೇಳಾಣ ಅಂತಿದ್ದೆ" ಎಂದರು. ಆಮೇಲೆ ಡಬ್ಬಿ ಕೇಳಿ ಇಸಿದುಕೊಂಡು, ಮಿಡತೆಯನ್ನು ಹೆಬ್ಬೆರಳಿನ ಮೇಲೆ ಕೂರಿಸಿ ಬಹಳ ಹೊತ್ತು ತಿರುಗಿಸಿ ನೋಡಿದರು. ಕಟ್ಟಿದ ನೂಲನ್ನು ಉಗುರಿನಿಂದ ಪರೀಕ್ಷಿಸಿದರು. ಹಿಂಗಾಲು ಚಿಕ್ಕದಾಯಿತು, ಶೇಂಗಾ ಹೊಲದ ಮಿಡತೆಗೆ ಇದಕ್ಕಿಂತ ಉದ್ದ ಕಾಲು ಎಂದರು. ಸರಿಯಾದ ಮಾತು.

ಬಿಸಿಲು ನೀರಿನ ತಳಕ್ಕೆ ಇಳಿದಿದೆ, ಇನ್ನು ಸಂಜೆಯವರೆಗೆ ಮೀನು ಎದ್ದೇಳುವುದಿಲ್ಲ. ದಾರ ಸುತ್ತಿಕೊಳ್ಳೋಣ.

"ನಮ್ಮನೇಲೊಂದು ಹುಂಜ ಐತೆ" ಎಂದರು ಅವರು, ಗೋಣಿ ಹೆಗಲಿಗೆ ಹಾಕಿಕೊಳ್ಳುತ್ತಾ. "ಮುಂದಿನ ವಾರ ಬೀಗ್ರು ಬತ್ತಾರೆ. ಕತ್ತಿನ ಗರಿ ತೆಗೆದಿಟ್ಟಿರ್ತೀನಿ, ಬಂದು ತಗಂಡೋಗು."

ಯಾವ ಬಣ್ಣದ ಹುಂಜ ಎಂದು ಕೇಳಿದೆ.

"ಕೆಂಪು. ಬೆನ್ನ ಮೇಲೆ ಸ್ವಲ್ಪ ಕಪ್ಪೈತೆ. ಅದು ಆಗ್ತದಾ?"